ಕ್ಯಾಶ್ ಖಾಲಿಯಾದಾಗ...

2009ರ ಜೂನ್ 25ರ ಮಧ್ಯಾಹ್ನ ಲಾಸ್ ಏಂಜಲಿಸ್‌ನಲ್ಲಿ ಮೈಕಲ್ ಜಾಕ್ಸನ್ ತೀರಿಕೊಂಡ. ನಮ್ಮಲ್ಲಿ ಆಗ 26ರ ಬೆಳಗಿನ ಜಾವ ಸುಮಾರು ಮೂರು ಗಂಟೆ. ಸುದ್ದಿ ಹಬ್ಬಿದ್ದೇ ತಡ, ಲೋಕದ ಮೂಲೆಮೂಲೆಯ ಜನ ಇಂಗ್ಲಿಷ್ ವಿಕಿಪೀಡಿಯದ ಅವನ ಪುಟಕ್ಕೆ ನುಗ್ಗಿದರು. ವಿಕಿಪೀಡಿಯ ಏದುಸಿರು ಬಿಡಲು ಶುರು ಮಾಡಿತು. ನಾನಾಗ ಏಳನೇ ಕ್ಲಾಸು, ಮನೆಯಲ್ಲಿ ಇಂಟರ್ನೆಟ್ಟೂ ಇರಲಿಲ್ಲ. ಹಾಗಾಗಿ ಆ ನುಗ್ಗಾಟದಲ್ಲಿ ನನ್ನ ಪಾಲೇನೂ ಇಲ್ಲ :-)

ಅಷ್ಟು ಜನ ಒಟ್ಟಿಗೆ ಬಂದರೆ ಸರ್ವರ್ ಮಲಗದೇ ಇರುತ್ತದೆಯೇ ಅಂತ ನೀವು ಕೇಳಬಹುದು. ಸ್ವಾರಸ್ಯ ಇರುವುದೇ ಅಲ್ಲಿ. ಜನ ಹೆಚ್ಚಾದದ್ದು ಅರ್ಧ ಕಾರಣ ಮಾತ್ರ. ವಿಕಿಪೀಡಿಯ 2004ರಿಂದಲೇ ತನ್ನ ಪುಟಗಳ ಸಿದ್ಧ ಪ್ರತಿಗಳನ್ನು ಸ್ಕ್ವಿಡ್ ಎಂಬ ತಂತ್ರಾಂಶದ ಮೂಲಕ ಹಂಚುತ್ತಿತ್ತು. ಸಿದ್ಧ ಪ್ರತಿ ಇದ್ದರೆ ಸಾವಿರ ಜನ ಬಂದರೂ ಲಕ್ಷ ಜನ ಬಂದರೂ ಅಷ್ಟೇನೂ ಕಷ್ಟವಿಲ್ಲ. ಆದರೆ ಆ ರಾತ್ರಿ ಓದುವವರ ಜೊತೆ ತಿದ್ದುವವರೂ ಇದ್ದರು. ಯಾರಾದರೂ ಒಂದು ಸಾಲು ತಿದ್ದಿದ ತಕ್ಷಣ ಹಳೆಯ ಪ್ರತಿ ರದ್ದು, ಹೊಸದನ್ನು ಕಟ್ಟಬೇಕು. ಜಾಕ್ಸನ್ನನ ಪುಟವೋ ಉದ್ದ, ಅದರ ತುಂಬ ನೂರಾರು ಉಲ್ಲೇಖಗಳು. ಕಟ್ಟಲು ಬಹಳ ಹೊತ್ತು ಹಿಡಿಯುವಂಥದ್ದು. ಆ ಹೊತ್ತಿನೊಳಗೆ ಬಂದ ಪ್ರತಿಯೊಂದು ಕೋರಿಕೆಗೂ "ಪ್ರತಿ ಇಲ್ಲ, ನಾನೇ ಕಟ್ಟುತ್ತೇನೆ" ಅಂತ ಒಂದೊಂದು ಸರ್ವರ್ ಕೆಲಸಕ್ಕೆ ಕೂತಿತು. ಒಂದೇ ಪುಟ, ಒಂದೇ ಕೆಲಸ, ಮಾಡುವವರು ನೂರಾರು. ಅವರು ಮುಗಿಸುವಷ್ಟರಲ್ಲಿ ಇನ್ಯಾರೋ ಇನ್ನೊಂದು ಸಾಲು ತಿದ್ದಿರುತ್ತಿದ್ದರು...

ಇದನ್ನು ಹೋಟೆಲಿನ ಲೆಕ್ಕದಲ್ಲಿ ಹೇಳುತ್ತೇನೆ. ಬಸ್ಸು ನಿಲ್ಲುವ ಹೋಟೆಲಿನಲ್ಲಿ ಕಾಫಿ ಬೇಗ ಸಿಗುವುದು ಯಾಕೆ? ಡಿಕಾಕ್ಷನ್ ಮೊದಲೇ ಇಳಿಸಿ ಇಟ್ಟಿರುತ್ತಾರೆ. ಲೋಟಕ್ಕೆ ಹಾಲು ಬೆರೆಸಿದರೆ ಆಯಿತು. ಈಗ ಎರಡು ಬಸ್ಸು ಒಟ್ಟಿಗೆ ಬಂದು ನಿಂತ ಹೊತ್ತಿಗೆ ಸರಿಯಾಗಿ ಡಿಕಾಕ್ಷನ್ ಖಾಲಿಯಾಯಿತು ಅಂದುಕೊಳ್ಳಿ. ಹತ್ತು ಜನ ಸಪ್ಲೈಯರುಗಳು ಒಬ್ಬರಿಗೊಬ್ಬರು ಹೇಳದೆ ಅಡಿಗೆಮನೆಗೆ ಓಡಿ, ಇರುವ ಒಂದೇ ಒಲೆಯ ಮೇಲೆ ಹತ್ತು ಪಾತ್ರೆ ಇಡಲು ನೋಡಿದರೆ? ಕಾಫಿಯೂ ಇಲ್ಲ, ಇಡ್ಲಿಯೂ ಇಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಕ್ಯಾಶ್ ಸ್ಟಾಂಪೀಡ್ ಅನ್ನುತ್ತಾರೆ. ನಮ್ಮ ಪತ್ರಿಕೆಗಳ ಭಾಷೆಯಲ್ಲಿ ಕಾಲ್ತುಳಿತ.

ಸ್ವಂತ ಡೊಮೇನು ಕೊಂಡು ವರ್ಡ್‌ಪ್ರೆಸ್ ಹಾಕಿಕೊಂಡ ನಮ್ಮ ಬ್ಲಾಗಿಗರೆಲ್ಲ ಮೊದಲು ಮಾಡುವ ಕೆಲಸಗಳಲ್ಲಿ ಒಂದು ಕ್ಯಾಶ್ ಪ್ಲಗಿನ್ ಹಾಕುವುದು. ಗೃಹಪ್ರವೇಶಕ್ಕೆ ಹಾಲುಕ್ಕಿಸಿದ ಹಾಗೆ. ಹಾಕಿದರೆ ಸರ್ವರಿನ ಹೊರೆ ಕಮ್ಮಿಯಾಗುತ್ತದೆ ಅಂತ ನಂಬಿಕೆ. ಅದು ಸುಳ್ಳಲ್ಲ. ಆದರೆ ಕ್ಯಾಶ್ ಹೊರೆಯನ್ನು ಪೂರ್ತಿ ಅಳಿಸುವುದಿಲ್ಲ, ಬಹಳಷ್ಟನ್ನು ಮುಂದಕ್ಕೆ ತಳ್ಳಿ ಒಂದು ಕಡೆ ಕೂಡಿಹಾಕುತ್ತದೆ. ಕೂಡಿಹಾಕಿದ್ದು ಯಾವತ್ತೋ ಒಂದು ದಿನ ಒಟ್ಟಿಗೆ ಬಂದು ಬೀಳುತ್ತದೆ. ಕ್ಯಾಶಿನ ಇತಿಹಾಸ ಓದುತ್ತಾ ಹೋದಂತೆ ಇದು ಮತ್ತೆ ಮತ್ತೆ ಕಣ್ಣಿಗೆ ಬಿತ್ತು, ಅದಕ್ಕೇ ಈ ಬರಹ. (ಕನ್ನಡದಲ್ಲಿ ಬರೆದರೆ ಇದೂ ಕ್ಯಾಶ್, ಜೇಬಿನ ದುಡ್ಡೂ ಕ್ಯಾಶ್. ಎರಡೂ ಬೇಕಾದಾಗಲೇ ಖಾಲಿಯಾಗುತ್ತವೆ ಅನ್ನುವುದು ಬೇರೆ ಮಾತು.)

ಈ ಉಪಾಯ ವೆಬ್ಬಿಗಿಂತ ತುಂಬ ಹಳೆಯದು. 1965ರಲ್ಲಿ ಕೇಂಬ್ರಿಡ್ಜಿನ ಮಾರಿಸ್ ವಿಲ್ಕ್ಸ್, ದೊಡ್ಡದಾದ ನಿಧಾನದ ಮೆಮೊರಿಯ ಮುಂದೆ ಸಣ್ಣದಾದ ವೇಗದ ಮೆಮೊರಿ ಇಟ್ಟು, ಪದೇ ಪದೇ ಬೇಕಾಗುವುದನ್ನು ಅದರಲ್ಲಿ ಇಟ್ಟುಕೊಳ್ಳಬಹುದು ಅಂತ ಒಂದು ಪುಟ್ಟ ಪ್ರಬಂಧ ಬರೆದರು. ಅವರು ಇಟ್ಟ ಹೆಸರು ಸ್ಲೇವ್ ಮೆಮೊರಿ. ಕ್ಯಾಶ್ ಅನ್ನುವ ಹೆಸರು ನಿಂತದ್ದು 1968ರಲ್ಲಿ ಐಬಿಎಂನ ಸಿಸ್ಟಮ್/360 ಮಾಡೆಲ್ 85 ಬಂದಾಗ. ಮೂಲ ಫ್ರೆಂಚ್, ಬಚ್ಚಿಡು ಅಂತ ಅರ್ಥ. ಇಂಜಿನಿಯರಿಂಗಿನಲ್ಲಿ ಕಂಪ್ಯೂಟರ್ ಆರ್ಕಿಟೆಕ್ಚರ್ ಓದಿದವರಿಗೆ ಇದು ಪರೀಕ್ಷೆಯ ಹತ್ತು ಅಂಕದ ಪ್ರಶ್ನೆ, ಹಾಗಾಗಿ ಮುಂದೆ ಹೋಗೋಣ.

ವೆಬ್ಬಿಗೆ ಕ್ಯಾಶ್ ಬಂದದ್ದು ವೆಬ್ ಹುಟ್ಟಿದ ಮನೆಯಲ್ಲೇ. 1994ರಲ್ಲಿ ಜಿನೀವಾದ ಸರ್ನ್‌ನಲ್ಲಿದ್ದ ಆರಿ ಲುವೊಟೊನೆನ್, ಕೆವಿನ್ ಆಲ್ಟಿಸ್ ಎಂಬುವರ ಜೊತೆ ಸೇರಿ ಪ್ರಾಕ್ಸಿಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಈ ವಿಚಾರ ಇದೆ. ಒಬ್ಬರು ತರಿಸಿದ ಪುಟವನ್ನು ಇಟ್ಟುಕೊಂಡು ಮುಂದೆ ಕೇಳಿದವರಿಗೂ ಅದನ್ನೇ ಕೊಡುವುದು. 1996ರಲ್ಲಿ ಹಾರ್ವೆಸ್ಟ್ ಎಂಬ ಸಂಶೋಧನಾ ಯೋಜನೆಯ ಕವಲಾಗಿ ಡ್ವೇನ್ ವೆಸೆಲ್ಸ್ ಅವರ ಸ್ಕ್ವಿಡ್ ಬಂತು. ಕಾಲೇಜಿನ ಲ್ಯಾಬಿನಲ್ಲಿ ಕೂತು ಬೇಡದ ಸೈಟು ತೆರೆಯಲು ಹೋಗಿ ಸ್ಕ್ವಿಡ್ಡಿನ ಆ ಬೋಳು ಬೋಳು ಎರರ್ ಪುಟ ನೋಡದ ಇಂಜಿನಿಯರಿಂಗ್ ವಿದ್ಯಾರ್ಥಿ ನಮ್ಮ ತಲೆಮಾರಿನಲ್ಲಿ ಕಡಿಮೆ! 1997ರಲ್ಲಿ ಬಂದ ಎಚ್‌ಟಿಟಿಪಿ 1.1 ಪ್ರಮಾಣದಲ್ಲಿ "ಈ ಪ್ರತಿ ಎಷ್ಟು ಹೊತ್ತು ಬಾಳುತ್ತದೆ" ಅಂತ ಸರ್ವರೇ ಹೇಳುವ ಏರ್ಪಾಡು ವಿವರವಾಗಿ ಬಂತು.

ಅದೇ 1997ರಲ್ಲಿ ಇನ್ನೆರಡು ಸಂಗತಿ ನಡೆದವು. ಒಂದು, ಸ್ಲ್ಯಾಶ್‌ಡಾಟ್ ಶುರುವಾಯಿತು. ಅಲ್ಲಿ ಯಾವುದಾದರೂ ಸಣ್ಣ ಸೈಟಿನ ಕೊಂಡಿ ಬಂದರೆ ಗಂಟೆಯೊಳಗೆ ಆ ಸೈಟು ನೆಲಕಚ್ಚುತ್ತಿತ್ತು. ಇದಕ್ಕೆ ಸ್ಲ್ಯಾಶ್‌ಡಾಟ್ ಎಫೆಕ್ಟ್ ಅಂತ ಹೆಸರೇ ಬಿತ್ತು. ಇನ್ನೊಂದು, ಇಂಥ ನುಗ್ಗಾಟವನ್ನು ಹಲವು ಕ್ಯಾಶ್ ಯಂತ್ರಗಳಿಗೆ ಹಂಚುವ ಗಣಿತವನ್ನು ಎಂಐಟಿಯ ಒಂದು ಗುಂಪು ಪ್ರಕಟಿಸಿತು. ಆ ಗುಂಪಿನ ಟಾಮ್ ಲೇಟನ್ ಮತ್ತು ಡ್ಯಾನಿ ಲೆವಿನ್ 1998ರಲ್ಲಿ ಕಟ್ಟಿದ ಕಂಪೆನಿಯೇ ಅಕಮಾಯ್. ಲೆವಿನ್ 2001ರ ಸೆಪ್ಟೆಂಬರ್ 11ರಂದು ಅಪಹರಣಕ್ಕೊಳಗಾದ ಅಮೆರಿಕನ್ ಏರ್‌ಲೈನ್ಸ್ ವಿಮಾನದಲ್ಲಿ ತೀರಿಕೊಂಡರು. ವಯಸ್ಸು ಬರೀ 31.

ಇನ್ನು ಬ್ಲಾಗುಗಳ ಕಥೆ. ನನಗೆ ತುಂಬ ಇಷ್ಟವಾದ ಭಾಗ ಇದು.

2001ರಲ್ಲಿ ಬೆನ್ ಮತ್ತು ಮೀನಾ ಟ್ರಾಟ್ ದಂಪತಿ ಮೂವಬಲ್ ಟೈಪ್ ಬಿಡುಗಡೆ ಮಾಡಿದರು. ಅದರ ದಾರಿ ಏನೆಂದರೆ, ಬರಹ ಪ್ರಕಟಿಸಿದ ಕೂಡಲೇ ಬೇಕಾದ ಪುಟಗಳನ್ನೆಲ್ಲ ಎಚ್‌ಟಿಎಂಎಲ್ ಫೈಲುಗಳಾಗಿ ಕಟ್ಟಿಡುವುದು. ಓದುಗ ಬಂದರೆ ಸರ್ವರ್ ಫೈಲು ಎತ್ತಿಕೊಟ್ಟರೆ ಮುಗಿಯಿತು. ಇಡೀ ಸೈಟೇ ಒಂದು ಕ್ಯಾಶ್ ಇದ್ದ ಹಾಗೆ. ಓದುವವರಿಗೆ ಸುಖ, ಬರೆಯುವವರಿಗೆ ಕಷ್ಟ. ಬರಹಗಳು ಹೆಚ್ಚಾದಂತೆ ರೀಬಿಲ್ಡ್ ಗುಂಡಿ ಒತ್ತಿ ಕಾಯುತ್ತಾ ಕೂರಬೇಕು. ಅಷ್ಟರಲ್ಲಿ ಸ್ಪ್ಯಾಮರುಗಳು ಬಂದರು. ಒಂದು ಕಾಮೆಂಟು ಬಂದರೆ ಪುಟ ಮತ್ತೆ ಕಟ್ಟಬೇಕಲ್ಲ? ನಿಮಿಷಕ್ಕೆ ನೂರು ಸ್ಪ್ಯಾಮ್ ಕಾಮೆಂಟು ಬಿದ್ದರೆ ಸರ್ವರಿನ ಗತಿ ಏನು? 2004ರ ಕೊನೆಯ ಹೊತ್ತಿಗೆ ಹೋಸ್ಟಿಂಗ್ ಕಂಪೆನಿಗಳಿಗೆ ಇದು ದೊಡ್ಡ ತಲೆನೋವಾಗಿತ್ತು. ಹೊರೆ ಕಡಿಮೆ ಮಾಡಲು ಮೊದಲೇ ಕಟ್ಟಿಟ್ಟ ಪುಟಗಳೇ ಹೊರೆಗೆ ಕಾರಣವಾದವು ನೋಡಿ.

ವರ್ಡ್‌ಪ್ರೆಸ್ಸಿನದು ಇದಕ್ಕೆ ಪೂರ್ತಿ ಉಲ್ಟಾ ದಾರಿ. 2003ರ ಮೇ 27ರಂದು ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅದನ್ನು ಬಿಡುಗಡೆ ಮಾಡಿದರು. ಇಲ್ಲಿ ಏನನ್ನೂ ಕಟ್ಟಿಡುವುದಿಲ್ಲ. ಓದುಗ ಬಂದಾಗ ಪಿಎಚ್‌ಪಿ ಎದ್ದು ಡೇಟಾಬೇಸಿಗೆ ಹತ್ತಾರು ಪ್ರಶ್ನೆ ಕೇಳಿ ಅಲ್ಲೇ ಪುಟ ಕಟ್ಟಿ ಕೊಡುತ್ತದೆ. ಗುಂಡಿ ಒತ್ತಿ ಕಾಯುವ ಗೋಜಿಲ್ಲ. ಜನಕ್ಕೆ ಹಿಡಿಸಿತು. ಆದರೆ ಓದುಗರು ಹೆಚ್ಚಾದರೆ? ಬಿಲ್ ಝೆಲ್ಲರ್ ಎಂಬುವರು ಸ್ಟ್ಯಾಟಿಸೈಜ್ ಎಂಬ ಪ್ಲಗಿನ್ ಬರೆದರು. ಅದನ್ನು ತಿದ್ದಿ ಸ್ವತಃ ಮುಲೆನ್‌ವೆಗ್ ಸ್ಟ್ಯಾಟಿಸೈಜ್ ರೀಲೋಡೆಡ್ ಮಾಡಿದರು. ಅದರ ಮೇಲೆ ಕಟ್ಟಿದ್ದು ಡಬ್ಲ್ಯುಪಿ-ಕ್ಯಾಶ್, ಬರೆದವರು ಸ್ಪೇನಿನ ಬಲೇರಿಕ್ ದ್ವೀಪಗಳ ವಿಶ್ವವಿದ್ಯಾಲಯದ ಮೇಷ್ಟ್ರು ರಿಕಾರ್ಡೊ ಗಾಲಿ. 2007ರಲ್ಲಿ ಐರ್ಲೆಂಡಿನ ಡೊನಹಾ ಓ ಕೀವ್ ಅದನ್ನು ಮುಂದುವರೆಸಿ ಡಬ್ಲ್ಯುಪಿ ಸೂಪರ್ ಕ್ಯಾಶ್ ತಂದರು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಂಡು ಹೋದ ಈ ಸರಪಳಿ ನೋಡಿದರೆ ಖುಷಿಯಾಗುತ್ತದೆ. ಯಾರೂ ಇದಕ್ಕೆ ಓದುಗರಿಂದ ಕಾಸು ಕೇಳಲಿಲ್ಲ.

ಸೂಪರ್ ಕ್ಯಾಶಿನ ಜಾಣತನ ಇಷ್ಟು. ಅದಕ್ಕಿಂತ ಹಿಂದಿನ ಪ್ಲಗಿನ್ನುಗಳಲ್ಲಿ ಸಿದ್ಧ ಪ್ರತಿ ಕೊಡುವುದಕ್ಕೂ ಪಿಎಚ್‌ಪಿ ಏಳಬೇಕಿತ್ತು. ಸೂಪರ್ ಕ್ಯಾಶ್ ಶುದ್ಧ ಎಚ್‌ಟಿಎಂಎಲ್ ಫೈಲು ಬರೆದಿಟ್ಟು, ಅಪಾಚೆಗೆ "ಫೈಲು ಇದ್ದರೆ ನೀನೇ ಕೊಟ್ಟುಬಿಡು, ಇಲ್ಲದಿದ್ದರೆ ಮಾತ್ರ ಪಿಎಚ್‌ಪಿಯನ್ನು ಎಬ್ಬಿಸು" ಅಂತ ನಿಯಮ ಬರೆಯಿತು. ಅಂದರೆ ವರ್ಡ್‌ಪ್ರೆಸ್ಸನ್ನು ಸುತ್ತಿ ಬಳಸಿ ಮತ್ತೆ ಮೂವಬಲ್ ಟೈಪಿನ ಹತ್ತಿರಕ್ಕೇ ತಂದು ನಿಲ್ಲಿಸಿತು! ಜೊತೆಗೆ ಮೂವಬಲ್ ಟೈಪಿನ ಹಳೇ ಪ್ರಶ್ನೆಯೂ ವಾಪಸ್ ಬಂತು: ಕಟ್ಟಿಟ್ಟದ್ದನ್ನು ಯಾವಾಗ ಒಡೆಯಬೇಕು?

ನೆಟ್‌ಸ್ಕೇಪಿನಲ್ಲಿದ್ದ ಫಿಲ್ ಕಾರ್ಲ್‌ಟನ್ ಹೆಸರಿನಲ್ಲಿ ನಮ್ಮ ವೃತ್ತಿಯವರೆಲ್ಲ ಹೇಳುವ ಒಂದು ಜೋಕಿದೆ. ಕಂಪ್ಯೂಟರ್ ವಿಜ್ಞಾನದಲ್ಲಿ ನಿಜವಾಗಿ ಕಷ್ಟದ ಕೆಲಸ ಎರಡೇ, ಒಂದು ಕ್ಯಾಶನ್ನು ರದ್ದು ಮಾಡುವುದು, ಇನ್ನೊಂದು ಹೆಸರಿಡುವುದು ಅಂತ. ಪ್ಲಗಿನ್ ಬರೆಯುವವರಿಗೆ ಮೊದಲನೆಯದಕ್ಕೆ ಒಂದು ಸುಲಭದ ದಾರಿ ಇತ್ತು. ಏನು ಬದಲಾಯಿತೋ ಗೊತ್ತಿಲ್ಲ, ಎಲ್ಲವನ್ನೂ ಅಳಿಸಿಬಿಡು! ಆಮೇಲೆ ಅಳಿಸಿದ ಮೇಲೆ ಓದುಗ ಕಾಯಬಾರದಲ್ಲ ಅಂತ ಪ್ರೀಲೋಡ್ ಬಂತು. ಅಂದರೆ ಓದುಗ ಬರುವ ಮುಂಚೆಯೇ ಪ್ಲಗಿನ್ ತಾನೇ ಎಲ್ಲ ಪುಟಗಳನ್ನೂ ಕಟ್ಟಿಡುವುದು. ಹಳೆಯ ಫೈಲು ಗುಡಿಸುವ ಕೆಲಸ, ಪ್ರೀಲೋಡಿನ ಕೆಲಸ ಇವನ್ನೆಲ್ಲ ಸಮಯಕ್ಕೆ ಸರಿಯಾಗಿ ಮಾಡಿಸುವುದು ಡಬ್ಲ್ಯುಪಿ-ಕ್ರಾನ್. ಅದಕ್ಕೆ ಸ್ವಂತ ಗಡಿಯಾರವಿಲ್ಲ, ಯಾರಾದರೂ ಸೈಟಿಗೆ ಬಂದರೆ ಮಾತ್ರ ಎಚ್ಚರವಾಗುತ್ತದೆ. ಅಂದರೆ ಜನ ಬರುವ ಹೊತ್ತಿನಲ್ಲೇ ಕಸ ಗುಡಿಸುವ ಕೆಲಸವೂ ಶುರು.

ಪುಟಾಣಿ ಸೈಟಿನಲ್ಲಿ ಇದು ಹೇಗೆ ಉರುಳಾಗುತ್ತದೆ ಅನ್ನುವುದನ್ನು ಹೋದ ವರ್ಷ ಹತ್ತಿರದಿಂದ ನೋಡಿದೆ. ಧಾರವಾಡದ ಗೆಳತಿಯೊಬ್ಬಳು 2011ರಿಂದ ಹಳ್ಳಿಯ ಅಜ್ಜಿಯರಿಂದ ಕೇಳಿದ ಕಥೆ, ಹಾಡು, ಒಗಟುಗಳನ್ನು ಬರೆದಿಡುತ್ತಿದ್ದಾಳೆ. ಸುಮಾರು 2400 ಪುಟಗಳಾಗಿವೆ. ಕಥೆ ಹೇಳಿದ ಅಜ್ಜಿಯರಲ್ಲಿ ಎಷ್ಟೋ ಜನ ಈಗಿಲ್ಲ. ಒಂದು ರಾತ್ರಿ ಅವಳ ಫೋನು. "ನನ್ನ ಸೈಟ್ ಬಂದ್ ಮಾಡ್ಯಾರ, ಏನಾಗೇದ ಸ್ವಲ್ಪ ನೋಡಪಾ. ದಿನಾ ಮುನ್ನೂರು ಮಂದಿ ಓದೂದಿಲ್ಲ, ಅಷ್ಟಕ್ಕ ಲೋಡ್ ಹೆಂಗ ಆಗ್ತದ?"

ಹೋಸ್ಟಿಂಗ್ ಕಂಪೆನಿಯಿಂದ ಬಂದ ಪತ್ರದಲ್ಲಿ ಸಿಪಿಯು ಬಳಕೆ ಮಿತಿ ಮೀರಿದೆ, ಖಾತೆ ಸ್ಥಗಿತಗೊಳಿಸಿದ್ದೇವೆ, ದುಬಾರಿ ಪ್ಲ್ಯಾನಿಗೆ ಬದಲಾಯಿಸಿಕೊಳ್ಳಿ ಅಂತಿತ್ತು. ಸೈಟು ಮೂರು ದಿನ ಕತ್ತಲಲ್ಲಿತ್ತು. ಲಾಗ್ ಫೈಲು ತರಿಸಿಕೊಂಡು ನೋಡಿದರೆ ಬಹುಪಾಲು ಕೋರಿಕೆಗಳು ಅವಳದೇ ಸರ್ವರಿನ ವಿಳಾಸದಿಂದ ಬಂದಿದ್ದವು. ಅಂದರೆ ಸೈಟನ್ನು ಎಲ್ಲರಿಗಿಂತ ಹೆಚ್ಚು ಓದುತ್ತಿದ್ದದ್ದು ಅದರ ಪ್ಲಗಿನ್ನೇ! ಅವಳು ಆ ಸಂಜೆ ಒಂದು ಕಥೆ ಪ್ರಕಟಿಸಿದ್ದಳು. ಎಲ್ಲ ಪ್ರತಿಗಳೂ ರದ್ದಾಗಿ ಪ್ರೀಲೋಡ್ ಶುರುವಾಯಿತು. ಅಗ್ಗದ ಹೋಸ್ಟಿಂಗಿನಲ್ಲಿ ಒಂದು ಪುಟ ಕಟ್ಟಲು ಒಂದು ಸೆಕೆಂಡು ಅಂದರೂ 2400 ಪುಟಕ್ಕೆ 40 ನಿಮಿಷ. ಹತ್ತು ನಿಮಿಷ ಬಿಟ್ಟು ಒಂದು ಕಾಗುಣಿತ ತಿದ್ದಿದಳು, ಮತ್ತೆ ಎಲ್ಲ ರದ್ದು, ಒಂದನೇ ಪುಟದಿಂದ ಶುರು. ಬರೆಯುವವರು ಪ್ರಕಟಿಸಿದ ಮೇಲೆ ನಾಲ್ಕೈದು ಸಲ ತಿದ್ದುವುದು ಸಹಜ ತಾನೇ? ಮುನ್ನೂರು ಓದುಗರಿಗೋಸ್ಕರ ಆ ಯಂತ್ರ ಇಡೀ ಸಂಜೆ ಕಟ್ಟುತ್ತಾ ಒಡೆಯುತ್ತಾ ಕೂತಿತ್ತು.

ಆ ಪ್ಲಗಿನ್ನಿನ ಹೆಸರು ಬೇಡ, ಕಂಪೆನಿಯದ್ದೂ ಬೇಡ. ಪ್ಲಗಿನ್ನನ್ನು ತೆಗೆದುಹಾಕಲಿಲ್ಲ. ಪ್ರೀಲೋಡ್ ನಿಲ್ಲಿಸಿದೆವು. ಬರಹ ತಿದ್ದಿದಾಗ ಆ ಪುಟ, ಮುಖಪುಟ, ಅದರ ವಿಭಾಗ ಮತ್ತು ಫೀಡು ಇಷ್ಟು ಮಾತ್ರ ರದ್ದಾಗಲಿ ಅಂತ ಮಾಡಿದೆವು. ಪ್ರತಿಗಳ ಆಯಸ್ಸನ್ನು ಒಂದು ಗಂಟೆಯಿಂದ ಒಂದು ವಾರಕ್ಕೆ ಏರಿಸಿದೆವು. ಅಜ್ಜಿಯ ಕಥೆ ಗಂಟೆಗೊಮ್ಮೆ ಬದಲಾಗುತ್ತದೆಯೇ? ಡಬ್ಲ್ಯುಪಿ-ಕ್ರಾನನ್ನು ಓದುಗರ ಭೇಟಿಯಿಂದ ಬಿಡಿಸಿ ಸರ್ವರಿನ ನಿಜವಾದ ಕ್ರಾನಿಗೆ ಕಟ್ಟಿದೆವು. ಇನ್ನೊಂದು ತಮಾಷೆ ಕಂಡಿತು. 2018ರಿಂದ ಫೇಸ್‌ಬುಕ್ ತನ್ನಿಂದ ಹೊರಹೋಗುವ ಕೊಂಡಿಗಳ ಬಾಲಕ್ಕೆ ಒಂದು ಉದ್ದನೆಯ ಗುರುತು ಅಂಟಿಸುತ್ತದೆ. ಪ್ರತಿ ಕ್ಲಿಕ್ಕಿಗೂ ಬೇರೆ ಬೇರೆ ಗುರುತು. ಬಾಲ ಬೇರೆಯಾದರೆ ಪುಟವೇ ಬೇರೆ ಅಂತ ಕ್ಯಾಶ್ ತಿಳಿದರೆ, ಫೇಸ್‌ಬುಕ್ಕಿನಿಂದ ಬಂದ ಒಬ್ಬೊಬ್ಬರಿಗೂ ಹೊಸದಾಗಿ ಪುಟ ಕಟ್ಟಬೇಕು. ಆ ಬಾಲವನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ ಹೇಳಿದೆವು. ಅದೇ ಪ್ಲ್ಯಾನಿನಲ್ಲಿ ಸೈಟು ಈಗಲೂ ನಡೆಯುತ್ತಿದೆ.

(ಕನ್ನಡದಲ್ಲೇ ಶೀರ್ಷಿಕೆ ಇಟ್ಟು ಅದನ್ನೇ ವಿಳಾಸವಾಗಿ ಬಿಡುವವರಿಗೆ ಒಂದು ಕಿವಿಮಾತು. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಅಕ್ಷರ ಸಂಕೇತಕ್ಕೂ ಮೂರು ಬೈಟು. ವಿಳಾಸದಲ್ಲಿ ಶೇಕಡಾ ಚಿಹ್ನೆ ಹಾಕಿ ಬರೆದರೆ ಅದು ಒಂಬತ್ತು ಸ್ಥಾನ ನುಂಗುತ್ತದೆ. ವರ್ಡ್‌ಪ್ರೆಸ್ ಕೊಡುವುದು 200 ಸ್ಥಾನ. ಅಂದರೆ ಒತ್ತು, ಗುಣಿತ ಎಲ್ಲ ಸೇರಿ 22 ಸಂಕೇತ ಅಷ್ಟೇ, ಮುಂದಿನದು ಕತ್ತರಿ. ಇಂಗ್ಲಿಷಿನವರಿಗೆ ಇದು ತಲೆಗೇ ಹೊಳೆಯದ ಸಮಸ್ಯೆ.)

ದೊಡ್ಡವರ ಮನೆಯಲ್ಲೂ ಇದೇ ಕಥೆ, ಗಾತ್ರ ಬೇರೆ. ಲೈವ್‌ಜರ್ನಲ್ ಕಟ್ಟಿದ ಬ್ರ್ಯಾಡ್ ಫಿಟ್ಜ್‌ಪ್ಯಾಟ್ರಿಕ್ 2003ರಲ್ಲಿ ಡೇಟಾಬೇಸಿನ ಹೊರೆ ಇಳಿಸಲು ಮೆಮ್‌ಕ್ಯಾಶ್ಡ್ ಮಾಡಿದರು. ಮುಂದೆ ಅದನ್ನು ಎಲ್ಲರಿಗಿಂತ ಹೆಚ್ಚಾಗಿ ಬಳಸಿದವರಲ್ಲಿ ಫೇಸ್‌ಬುಕ್ ಒಂದು. 2010ರ ಸೆಪ್ಟೆಂಬರ್ 23ರಂದು ಅಲ್ಲಿ ಒಂದು ಕಾನ್ಫಿಗರೇಶನ್ ಮೌಲ್ಯ ತಪ್ಪಾಯಿತು. ಕ್ಯಾಶಿನಲ್ಲಿರುವುದು ಸರಿಯಿಲ್ಲ ಅಂತ ಕಂಡ ಪ್ರತಿ ಯಂತ್ರವೂ ಸರಿಯಾದದ್ದನ್ನು ಕೇಳಲು ಡೇಟಾಬೇಸಿಗೆ ಓಡಿತು. ಡೇಟಾಬೇಸ್ ಹೊರೆ ತಾಳದೆ ಎರರ್ ಕೊಟ್ಟಿತು. ಎರರ್ ಬಂದದ್ದನ್ನೂ "ಇದೂ ಸರಿಯಿಲ್ಲ" ಅಂತ ತಿಳಿದು ಯಂತ್ರಗಳು ಕ್ಯಾಶಿನಲ್ಲಿದ್ದದ್ದನ್ನು ಅಳಿಸಿದವು, ಮತ್ತೆ ಓಡಿದವು. ಮೂಲ ತಪ್ಪನ್ನು ಸರಿಪಡಿಸಿದ ಮೇಲೂ ಈ ಚಕ್ರ ನಿಲ್ಲಲಿಲ್ಲ. ಕೊನೆಗೆ ಇಡೀ ಸೈಟನ್ನೇ ಮುಚ್ಚಿ, ಡೇಟಾಬೇಸ್ ಚೇತರಿಸಿಕೊಂಡ ಮೇಲೆ ನಿಧಾನಕ್ಕೆ ಜನರನ್ನು ಒಳಗೆ ಬಿಡಬೇಕಾಯಿತು. ಸುಮಾರು ಎರಡೂವರೆ ಗಂಟೆ ಫೇಸ್‌ಬುಕ್ ಇರಲಿಲ್ಲ.

2013ರಲ್ಲಿ ಅವರ ಇಂಜಿನಿಯರುಗಳು ಬರೆದ ಪ್ರಬಂಧದಲ್ಲಿ ಲೀಸ್ ಎಂಬ ಏರ್ಪಾಡಿನ ವಿವರ ಇದೆ. ಪ್ರತಿ ಇಲ್ಲದಿದ್ದಾಗ ಕ್ಯಾಶ್ ಒಬ್ಬರಿಗೆ ಮಾತ್ರ ಒಂದು ಚೀಟಿ ಕೊಡುತ್ತದೆ. ಚೀಟಿ ಇದ್ದವರು ಡೇಟಾಬೇಸಿಗೆ ಹೋಗಬೇಕು, ಉಳಿದವರು ಸ್ವಲ್ಪ ಕಾದು ಮತ್ತೆ ಕೇಳಬೇಕು. ಇಂಥ ನುಗ್ಗಾಟಕ್ಕೆ ಹೆಚ್ಚು ಸಿಕ್ಕುವ ಕೆಲವು ಮಾಹಿತಿಗಳ ಮೇಲೆ ಅಳೆದು ನೋಡಿದಾಗ, ಲೀಸ್ ಇಲ್ಲದೆ ಸೆಕೆಂಡಿಗೆ 17,000ದವರೆಗೆ ಏರುತ್ತಿದ್ದ ಡೇಟಾಬೇಸ್ ಪ್ರಶ್ನೆಗಳು ಲೀಸ್ ಬಂದ ಮೇಲೆ 1,300ಕ್ಕೆ ಇಳಿದವಂತೆ.

ಜಾಕ್ಸನ್ ಪ್ರಕರಣದ ನಂತರ ವಿಕಿಪೀಡಿಯದವರು ಮಾಡಿದ ಪೂಲ್‌ಕೌಂಟರ್ ಕೂಡ ಇದೇ ಜಾತಿಯದು. ಒಬ್ಬ ಕಟ್ಟಲಿ, ಮಿಕ್ಕವರು ಸರದಿಯಲ್ಲಿ ನಿಲ್ಲಲಿ, ಸರದಿ ತುಂಬ ಉದ್ದವಾದರೆ ಹಳೆಯ ಪ್ರತಿಯನ್ನೇ ಕೊಡಿ. ಕನ್ನಡ ವಿಕಿಪೀಡಿಯ ನಡೆಯುವುದೂ ಅದೇ ತಂತ್ರಾಂಶ, ಅದೇ ಸರ್ವರುಗಳ ಮೇಲೆ, ಹಾಗಾಗಿ ಇದರ ಫಲ ನಮಗೂ ಸಿಕ್ಕಿತು. ಇದಕ್ಕೂ ಮುಂಚೆ, 2006ರಲ್ಲಿ, ನಾರ್ವೆಯ ಪತ್ರಿಕೆಯೊಂದರ ಸೈಟಿಗಾಗಿ ಪೌಲ್-ಹೆನ್ನಿಂಗ್ ಕಾಂಪ್ ಬರೆದ ವಾರ್ನಿಶ್‌ನಲ್ಲೂ ಒಂದೇ ಪುಟ ಕೇಳಿದವರನ್ನು ಸಾಲಾಗಿ ನಿಲ್ಲಿಸಿ ಒಬ್ಬನನ್ನು ಮಾತ್ರ ಒಳಗೆ ಕಳಿಸುವ ಪದ್ಧತಿ ಇದೆ. 2010ರಲ್ಲಿ ಮಾರ್ಕ್ ನಾಟಿಂಗ್‌ಹ್ಯಾಮ್ "ಹೊಸದು ಬರುವವರೆಗೆ ಹಳಸಿದ್ದನ್ನೇ ಕೊಡು" ಅನ್ನುವ ಸೂಚನೆಯನ್ನು ಎಚ್‌ಟಿಟಿಪಿಗೇ ಸೇರಿಸುವ ಆರ್‌ಎಫ್‌ಸಿ 5861 ಬರೆದರು. ಹಳಸಿದ್ದು ಅಂದರೆ ನಮ್ಮ ಮನೆಗಳಲ್ಲಿ ಮೂಗು ಮುರಿಯುತ್ತಾರೆ, ಆದರೆ ಎರಡು ನಿಮಿಷ ಹಳೆಯ ಪುಟ ಓದಿ ಯಾರ ಹೊಟ್ಟೆಯೂ ಕೆಟ್ಟಿಲ್ಲ. ನಿಮ್ಮ ಸೂಪರ್ ಕ್ಯಾಶಿನ ಸೆಟ್ಟಿಂಗ್ಸಿನಲ್ಲಿ ಕ್ಯಾಶ್ ರೀಬಿಲ್ಡ್ ಅಂತ ಒಂದು ಪುಟ್ಟ ಚೌಕ ಇದೆಯಲ್ಲ, ಹೊಸ ಫೈಲು ತಯಾರಾಗುವವರೆಗೆ ಹಳೆಯದನ್ನು ಕೊಡುವುದು ಅಂತ? ಅದು ಇದೇ. ನನ್ನನ್ನು ಕೇಳಿದರೆ ಆ ಪುಟದಲ್ಲಿರುವ ಅಷ್ಟೂ ಚೌಕಗಳಲ್ಲಿ ಮೊದಲು ಟಿಕ್ ಮಾಡಬೇಕಾದದ್ದು ಅದನ್ನೇ.

ಇಷ್ಟೆಲ್ಲ ಉಪಾಯಗಳ ತಳದಲ್ಲಿ ಒಂದು ಊಹೆ ಇದೆ. ಹೆಚ್ಚು ಜನ ಕೆಲವೇ ಪುಟಗಳನ್ನು ಓದುತ್ತಾರೆ ಅನ್ನುವುದು. ಈಗ ಅದೇ ಅಲುಗಾಡುತ್ತಿದೆ. ಭಾಷಾ ಮಾದರಿಗಳಿಗೆ ಪಠ್ಯ ಹೆಕ್ಕುವ ರೋಬಾಟುಗಳಿಗೆ ಜನಪ್ರಿಯ ಪುಟ, ಮೂಲೆ ಪುಟ ಅಂತ ಭೇದವಿಲ್ಲ. ಅವು ಒಂದನೇ ಬರಹದಿಂದ ಕೊನೆಯದರವರೆಗೆ ಎಲ್ಲವನ್ನೂ ಓದುತ್ತವೆ, ಕ್ಯಾಶಿನಲ್ಲಿ ಇಲ್ಲದ್ದನ್ನೇ ಹೆಚ್ಚಾಗಿ ಕೇಳುತ್ತವೆ. 2025ರ ಏಪ್ರಿಲಿನಲ್ಲಿ ವಿಕಿಮೀಡಿಯದವರು ಕೊಟ್ಟ ಲೆಕ್ಕ ನೋಡಿ: ಒಟ್ಟು ಪುಟವೀಕ್ಷಣೆಯಲ್ಲಿ ರೋಬಾಟುಗಳ ಪಾಲು ಸುಮಾರು ಶೇಕಡಾ 35, ಆದರೆ ಕ್ಯಾಶನ್ನು ದಾಟಿ ಒಳಗಿನ ಸರ್ವರಿಗೆ ಹೊರೆಯಾಗುವ ಅತಿ ದುಬಾರಿ ಕೋರಿಕೆಗಳಲ್ಲಿ ಅವುಗಳ ಪಾಲು ಶೇಕಡಾ 65.

ಧಾರವಾಡದ ಸೈಟಿನ ಲಾಗಿನಲ್ಲೂ ಈಗ ಅವು ಕಾಣುತ್ತಿವೆ. ಹೋದ ವಾರ ಯಾವುದೋ ಒಂದು ರೋಬಾಟು 2011ರ ಒಗಟುಗಳಿಂದ ಶುರು ಮಾಡಿ ವರ್ಷದಿಂದ ವರ್ಷಕ್ಕೆ ಓದುತ್ತಾ ಬರುತ್ತಿತ್ತು. ಪ್ರತಿಗಳ ಆಯಸ್ಸು ಒಂದು ವಾರ ಇಟ್ಟದ್ದು ಇದಕ್ಕೆ ಸಾಲದು, ಹಳೆಯ ವರ್ಷಗಳ ಪುಟಗಳಿಗೆ ಆಯಸ್ಸೇ ಇಡದೆ ಶಾಶ್ವತ ಫೈಲು ಮಾಡಿಬಿಡೋಣ ಅಂತ ಅವಳಿಗೆ ಹೇಳಿದ್ದೇನೆ. ನಿಮ್ಮಲ್ಲಿ ಯಾರಾದರೂ ವರ್ಡ್‌ಪ್ರೆಸ್ಸಿನಲ್ಲಿ ಇದನ್ನು ಮಾಡಿ ನೋಡಿದ್ದರೆ, ಹೇಗೆ ಮಾಡಿದಿರಿ ಅಂತ ದಯವಿಟ್ಟು ಎರಡು ಸಾಲು ಬರೆಯಿರಿ.